ರಕ್ತದಲ್ಲಿ ನೂರಿಪ್ಪತ್ತು ದಿನದ ಹೊಗೆ

"ಹೊಗಿ ಹೋಗೂದು ಎದಿಗೆ. ನೀ ನನ್ನ ರಕ್ತದಾಗ ಏನು ಹುಡುಕತಿ?"

ಕೇಳಿದವರು ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಆಸುಪಾಸಿನಲ್ಲಿ ಕಬ್ಬು ಬೆಳೆದು, ಸ್ವಂತ ಗಾಣದಲ್ಲಿ ಬೆಲ್ಲ ಮಾಡಿಸುವ ಮನೆತನದ ಹಿರಿಯ ಹೆಣ್ಣುಮಗಳು. ಉತ್ತರ ಹೇಳಬೇಕಾದವಳು ಅವರ ಅಣ್ಣನ ಮಗಳು. ಧಾರವಾಡದಲ್ಲಿ ಜೀವರಸಾಯನಶಾಸ್ತ್ರ ಓದಿದ ಈಕೆ, ಗಾಣ ಮತ್ತು ಅಡುಗೆಮನೆಗಳ ಹೊಗೆ ಮೈಯೊಳಗಿನ ರಕ್ಷಕ ಕಿಣ್ವಗಳನ್ನು ಎಷ್ಟು ಕುಗ್ಗಿಸುತ್ತದೆ ಎಂದು ಅಳೆಯುವ ಯೋಜನೆಯೊಂದನ್ನು ಬರೆಯುತ್ತಿದ್ದಾಳೆ. ಮೊದಲು ಒಪ್ಪಿಸಬೇಕಾದದ್ದು ಅತ್ತೆಯನ್ನು.

"ಎದಿಗೆ ಹೋದದ್ದು ಎದ್ಯಾಗ ಉಳಿಯೂದಿಲ್ರಿ ಅತ್ತಿ. ಶ್ವಾಸಕೋಶದ ತೀರಾ ಒಳಗಿನ ಗೂಡಿಗೂ ರಕ್ತಕ್ಕೂ ನಡುವ ಇರೂದು ತೆಳ್ಳನ ಪರದೆ ಅಷ್ಟ. ಹೊಗಿಯ ಭಾಳ ಸಣ್ಣ ಕಣ, ಅದರ ಮ್ಯಾಲ ಹತ್ತಿದ ರಾಸಾಯನಿಕ, ರಕ್ತದ ತನಕ ಮುಟ್ಟತಾವ. ಅಲ್ಲಿ ಕೆಂಪು ಕಣದೊಳಗ ನಮ್ಮನ್ನ ಕಾಯೋ ಕಿಣ್ವ ಅದಾವ. ಅವುಗಳ ಕೆಲಸ ಎಷ್ಟು ಕಡಿಮಿ ಆಗೇತಿ ಅಂತ ನೋಡೂದು."

ನವಿಲುತೀರ್ಥದಲ್ಲಿ ಅಳತೆ ಹೊಸ ಮಾತಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಇಲ್ಲಿ ಗುಡ್ಡದ ಸಾಲನ್ನು ಸೀಳಿಕೊಂಡು ಹೊರಡುತ್ತಾಳೆ. ಆ ಸೀಳಿಗೆ ಅಡ್ಡಲಾಗಿ ಕಟ್ಟಿದ್ದು ರೇಣುಕಾಸಾಗರ. ಪೂರ್ಣ ಮಟ್ಟ 2079.50 ಅಡಿ, ಸಂಗ್ರಹ 37.73 ಟಿಎಂಸಿ ಅಡಿ. ಮಳೆಗಾಲದಲ್ಲಿ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಸುತ್ತಲಿನ ರೈತರೆಲ್ಲ ಪತ್ರಿಕೆ ಬಿಡಿಸಿ ನೋಡುತ್ತಾರೆ. ಅದೇ ದಂಡೆಯ ಗಾಳಿಗೆ ಇಂಥ ದಿನದ ಲೆಕ್ಕವಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. ಎಲ್ಲವೂ ನಗರಗಳೇ. ಬೈಲಹೊಂಗಲ, ಕಿತ್ತೂರು ಕಡೆಯ ಗಾಣದ ಭಟ್ಟಿ, ಸುಗ್ಗಿ ಮುಗಿದ ಮೇಲೆ ಹೊಲದಲ್ಲೇ ಸುಡುವ ಕಬ್ಬಿನ ರವದಿ, ರಾಮದುರ್ಗ ಮತ್ತು ಸವದತ್ತಿಯ ಮನೆಗಳಲ್ಲಿ ಉರಿಯುವ ಹತ್ತಿ ಕಟಗಿ, ಯಲ್ಲಮ್ಮನ ಗುಡ್ಡದ ಬಯಲಲ್ಲಿ ಹುಣ್ಣಿಮೆಗಳಂದು ನೈವೇದ್ಯಕ್ಕಾಗಿ ಹೊತ್ತುವ ಮೂರು ಕಲ್ಲಿನ ಒಲೆಗಳು, ಇವು ಯಾವ ಪಟ್ಟಿಯಲ್ಲೂ ಇಲ್ಲ. ಗಾಣಗಳಂತೆ ಸಕ್ಕರೆ ಕಾರ್ಖಾನೆಗಳೂ ಕಬ್ಬಿನ ಸಿಪ್ಪೆಯನ್ನೇ ಸುಡುತ್ತವೆ. ಆದರೆ ಅವುಗಳ ಚಿಮಣಿಗೆ ನಿಯಮವಿದೆ, ತಪಾಸಣೆಯಿದೆ. ಗಾಣದ ಭಟ್ಟಿಯ ಬಾಯಿಯ ಮುಂದೆ ಕೂತು ಉರಿ ಹಾಕುವವನ ಮುಖಕ್ಕೆ ರಾಚುವ ಹೊಗೆಗೆ ಯಾವುದೂ ಇಲ್ಲ.

"ಕಿಣ್ವ ಅಂದ್ರೇನು ಅದನ್ನ ಹೇಳ ಮೊದಲ. ಕಣ್ಣಿಗೆ ಕಾಣೂದನ್ನ ಹೇಳ," ಎಂದರು ಅತ್ತೆ.

"ಗಾಯಕ್ಕ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ರ ಬುರುಬುರು ನೊರಿ ಬರತೈತಿ ನೋಡ್ರಿ? ಆ ನೊರಿ ಕಿಣ್ವದ ಕೆಲಸ. ಅದರ ಹೆಸರು ಕ್ಯಾಟಲೇಸ್. ಪೆರಾಕ್ಸೈಡನ್ನ ಒಡದು ನೀರು ಮತ್ತ ಆಕ್ಸಿಜನ್ ಮಾಡತೈತಿ. ಒಂದ ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಒಡೀತೈತಿ."

"ಮೈಯಾಗ ಪೆರಾಕ್ಸೈಡ್ ಯಾರು ಹಾಕ್ಯಾರ?"

ಯಾರೂ ಹಾಕಬೇಕಿಲ್ಲ. ಉಸಿರಾಡುವ ಪ್ರತಿ ಜೀವಕೋಶದಲ್ಲೂ ಸ್ವಲ್ಪ ಆಕ್ಸಿಜನ್ ಅಡ್ಡದಾರಿ ಹಿಡಿದು ಸೂಪರ್‌ಆಕ್ಸೈಡ್ ಆಗುತ್ತದೆ. ಅದನ್ನು ಪೆರಾಕ್ಸೈಡ್ ಮಾಡಿ ಮುಂದಕ್ಕೆ ದಾಟಿಸುವುದು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಪ್ರಯೋಗಾಲಯದವರ ಬಾಯಲ್ಲಿ ಎಸ್‌ಒಡಿ. ದನದ ರಕ್ತದಿಂದ ತಾಮ್ರವಿರುವ ಈ ಪ್ರೋಟೀನನ್ನು 1938ರಲ್ಲೇ ಬೇರ್ಪಡಿಸಿದ್ದರು. ಅದು ಏನು ಮಾಡುತ್ತದೆಂದು ಮೂರು ದಶಕ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕ್‌ಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ 1969ರಲ್ಲಿ ಅದರ ಕೆಲಸವನ್ನು ತೋರಿಸಿದರು. ಎಸ್‌ಒಡಿ ಕೊಟ್ಟ ಪೆರಾಕ್ಸೈಡನ್ನು ಒಡೆಯಲು ಕ್ಯಾಟಲೇಸ್ ಇದೆ, ಸೆಲೆನಿಯಂ ಇಟ್ಟುಕೊಂಡ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಇದೆ.

ಈ ಕಿಣ್ವಗಳು ಒಂದನ್ನೊಂದು ಉಳಿಸಿಕೊಳ್ಳುತ್ತವೆ ಎಂಬುದೇ ಇಡೀ ವಿಷಯದ ತಿರುಳು. ಪೆರಾಕ್ಸೈಡ್ ಹೆಚ್ಚಾದರೆ ಎಸ್‌ಒಡಿ ತಾನೇ ಕೆಡುತ್ತದೆ. ಸೂಪರ್‌ಆಕ್ಸೈಡ್ ಹೆಚ್ಚಾದರೆ ಕ್ಯಾಟಲೇಸ್ ಕುಗ್ಗುತ್ತದೆ. ಎರಡನೆಯದನ್ನು 1982ರಲ್ಲಿ ತೋರಿಸಿದವರಲ್ಲಿ ಇದೇ ಫ್ರಿಡೊವಿಚ್ ಒಬ್ಬರು. ಹಾಗಾಗಿ ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದೂ ಜೊತೆಗೆ ಕುಸಿಯುತ್ತದೆ.

"ಹೊಗಿ ಇವಕ್ಕ ಹೆಂಗ ಪೆಟ್ಟು ಕೊಡತೈತಿ?"

"ಒಂದ ದಾರಿ ಅಲ್ರಿ. ಕಟಗಿ, ಸಿಪ್ಪಿ, ಡೀಸೆಲ್ ಯಾವುದ ಅರೆಬರೆ ಸುಟ್ರೂ ಕ್ವಿನೋನ್ ಅನ್ನೂ ಜಾತಿ ರಾಸಾಯನಿಕ ಬರತಾವ, ಆಕ್ರೋಲೀನ್ ಬರತೈತಿ. ಕಣ್ಣಾಗ ನೀರು ತರಸೂದ್ರಾಗ ಆಕ್ರೋಲೀನ್ ಪಾಲೂ ಐತಿ. ಪ್ರೋಟೀನಿನೊಳಗ ಗಂಧಕ ಇರೋ ಜಾಗಕ್ಕ ಇವು ಹೋಗಿ ಕಚ್ಚಿಕೊಂತಾವ, ಇಲ್ಲಾ ಅದನ್ನ ಕೆಡಸತಾವ."

ಡೀಸೆಲ್ ಹೊಗೆಯಲ್ಲಿರುವ ಫಿನಾಂತ್ರಕ್ವಿನೋನ್ ಪ್ರೋಟೀನುಗಳ ಗಂಧಕದ ಗುಂಪುಗಳನ್ನು ಹೇಗೆ ಉತ್ಕರ್ಷಿಸುತ್ತದೆ ಎಂದು ಜಪಾನಿನ ಕುಮಗಾಯ್ ತಂಡ 2002ರಲ್ಲಿ ವಿವರಿಸಿತು. ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯವರು 2006ರಲ್ಲಿ ಇನ್ನೂ ನೇರವಾದ ದಾರಿ ಹಿಡಿದರು: ಗಾಳಿಯಿಂದ ಸಂಗ್ರಹಿಸಿದ ಕಣಗಳನ್ನು ಶುದ್ಧ ಕಿಣ್ವದ ಜೊತೆಗೇ ಇಟ್ಟು ನೋಡಿದರು. ನಡುವೆ ಜೀವಕೋಶವೇ ಇಲ್ಲದಿದ್ದರೂ ಎಸ್‌ಒಡಿ ಸೇರಿದಂತೆ ಕಿಣ್ವಗಳ ಚಟುವಟಿಕೆ ತಗ್ಗಿತು. ಹುಡುಗಿಯ ಯೋಜನೆಯ ಮೊದಲ ಭಾಗ ಇದರ ಹಳ್ಳಿಯ ರೂಪ. ಉರಿ ಹಾಕುವವನ ಎದೆಗೆ ಸಣ್ಣ ಪಂಪು ಕಟ್ಟಿ, ಅವನು ಎಳೆದ ಗಾಳಿಯ ಕಣಗಳನ್ನು ಶೋಧಕ ಕಾಗದದ ಮೇಲೆ ಹಿಡಿದು, ತೂಗಿ, ಅದರ ಸಾರವನ್ನು ಶುದ್ಧ ಎಸ್‌ಒಡಿಗೆ ಸೇರಿಸಿ ಉಳಿದ ಶಕ್ತಿ ಎಷ್ಟೆಂದು ನೋಡುವುದು. ಕಾಗದದಲ್ಲಿ ಲೆವೊಗ್ಲುಕೋಸಾನ್ ಸಿಕ್ಕರೆ ಹೊಗೆ ಗಿಡಮರದ ಉರಿಯದ್ದೆಂದು ಗುರುತು ಸಿಗುತ್ತದೆ. ಸೆಲ್ಯುಲೋಸ್ ಸುಟ್ಟಾಗ ಹುಟ್ಟುವ ಸಕ್ಕರೆಯಂಥ ವಸ್ತು ಅದು, ಡೀಸೆಲ್‌ನಿಂದ ಬರುವುದಿಲ್ಲ.

ಎಸ್‌ಒಡಿ ಅಳೆಯಲು ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು 1974ರ ಮಾರ್ಕ್‌ಲುಂಡ್ ವಿಧಾನ. ಕ್ಷಾರೀಯ ದ್ರಾವಣದಲ್ಲಿ ಪೈರೋಗ್ಯಾಲಾಲ್ ತಾನಾಗಿಯೇ ಗಾಳಿಯ ಆಕ್ಸಿಜನ್ ಹೀರಿ ಹಳದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 420 ನ್ಯಾನೋಮೀಟರ್ ಬೆಳಕಿಗೆ ಇಟ್ಟರೆ ಬಣ್ಣ ಏರುವ ವೇಗ ತಿಳಿಯುತ್ತದೆ. ಎಸ್‌ಒಡಿ ಇದ್ದರೆ ಆ ವೇಗ ತಗ್ಗುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸುವಷ್ಟು ಕಿಣ್ವವೇ ಒಂದು ಯೂನಿಟ್. ಕ್ಯಾಟಲೇಸ್‌ಗೆ ಪೆರಾಕ್ಸೈಡ್ ಕಡಿಮೆಯಾಗುವುದನ್ನು 240 ನ್ಯಾನೋಮೀಟರಿನಲ್ಲಿ ಅಳೆದರಾಯಿತು. ದುಬಾರಿ ಯಂತ್ರ ಬೇಡ, ಎಚ್ಚರ ಬೇಕು. ಹೊಗೆಯ ಮಸಿ ಕಪ್ಪು, ಅದೇ ಬೆಳಕನ್ನು ನುಂಗುತ್ತದೆ. ಕ್ವಿನೋನ್ ಪೈರೋಗ್ಯಾಲಾಲ್‌ನ ಜೊತೆಗೇ ಆಟವಾಡಬಹುದು. ಕಿಣ್ವವಿಲ್ಲದೆ ಬರೀ ಮಸಿಯ ಸಾರ ಹಾಕಿದ ನಳಿಗೆ, ಗಾಣದ ಗಾಳಿ ಎಳೆಯದ ಖಾಲಿ ಕಾಗದದ ನಳಿಗೆ, ಲೋಹಗಳನ್ನು ಹಿಡಿದಿಡುವ ರಾಸಾಯನಿಕ ಸೇರಿಸಿದ ನಳಿಗೆ, ಇಷ್ಟನ್ನೂ ಪಕ್ಕದಲ್ಲಿಟ್ಟು ಓದದೆ ಹೋದರೆ ಕಿಣ್ವ ಕೆಟ್ಟಿತೋ ಯಂತ್ರಕ್ಕೆ ಮಸಿ ಕವಿಯಿತೋ ಹೇಳಲಾಗದು. ಹೊಗೆಯ ಮೇಲಿನ ಯಾವ ವರದಿ ಓದುವಾಗಲೂ ಮೊದಲು ಹುಡುಕಬೇಕಾದದ್ದು ಈ ಖಾಲಿ ನಳಿಗೆಗಳ ಲೆಕ್ಕವನ್ನು.

"ತಿಳೀತು," ಎಂದರು ಅತ್ತೆ. "ಕೊಪ್ಪರಗ್ಯಾಗ ರಸ ಕುದಿಯೂ ಮುಂದ ಬೆಂಡಿ ರಸ ಹಾಕಿ, ಮ್ಯಾಲ ಬಂದ ಹೊಲಸ ತಗಿಯಾಕ ಆಳು ನಿಂದ್ರಸ್ತೀವಿ. ಅವನ ಕೈ ಸುಟ್ರ ಹೊಲಸ ಎಲ್ಲಾ ಬೆಲ್ಲಕ್ಕ ಹೋತು. ನಿಮ್ಮ ಕಿಣ್ವ ಅಂಥಾ ಆಳು. ಹಂಗಾರ ಹೊಗಿ ಕುಡದವರ ರಕ್ತದಾಗ ಅದು ಯಾವಾಗಲೂ ಕಡಿಮಿ ಇರಬೇಕಲ್ಲ?"

"ಇಲ್ರಿ, ಒಮ್ಮೊಮ್ಮೆ ಹೆಚ್ಚಿರತೈತಿ."

"ರಸ ಭಾಳ ಹೊಲಸ ಇದ್ದ ದಿನ ನಾವೂ ಇನ್ನೊಂದ ಆಳ ಹಚ್ಚತೀವಿ. ಆಳ ಹೆಚ್ಚಾದ್ರ ರಸ ಸ್ವಚ್ಛ ಐತಿ ಅಂತ ಅಲ್ಲ."

ವರ್ಷಗಟ್ಟಲೆ ಪಾಠ ಕೇಳಿದವರೂ ಎಡವುವ ಜಾಗವಿದು, ಅತ್ತೆ ಒಂದೇ ಮಾತಿಗೆ ದಾಟಿದರು. ಹೊಗೆ ಮಿತದಲ್ಲಿ ತಾಗಿದಾಗ ಜೀವಕೋಶದಲ್ಲಿ ಎನ್‌ಆರ್‌ಎಫ್-2 ಎಂಬ ನಿಯಂತ್ರಕ ಎಚ್ಚೆತ್ತು ರಕ್ಷಣೆಯ ಕಿಣ್ವಗಳನ್ನು ಹೆಚ್ಚು ಮಾಡಿಸುತ್ತದೆ. ಹೊಗೆ ನಿಲ್ಲದೆ ತಾಗುತ್ತಿದ್ದರೆ ತಯಾರಿಗಿಂತ ನಾಶವೇ ಮುಂದಾಗುತ್ತದೆ. ಆದ್ದರಿಂದ ಒಬ್ಬರ ರಕ್ತದ ಎಸ್‌ಒಡಿ ಸಂಖ್ಯೆಯೊಂದನ್ನೇ ಕೈಗಿತ್ತು ಒಳ್ಳೆಯದೋ ಕೆಟ್ಟದ್ದೋ ಎಂದರೆ ಉತ್ತರವಿಲ್ಲ. ಆ ಸಂಖ್ಯೆಯ ಪಕ್ಕದಲ್ಲಿ ಅವರು ಉಸಿರಾಡಿದ ಹೊಗೆಯ ತೂಕ ಇರಬೇಕು, ಕೊಬ್ಬು ಎಷ್ಟು ಕೆಟ್ಟಿದೆ ಎಂದು ಹೇಳುವ ಮ್ಯಾಲನ್‌ಡೈಆಲ್ಡಿಹೈಡ್ ಇರಬೇಕು, ಅದೇ ವ್ಯಕ್ತಿಯ ಇನ್ನೊಂದು ಕಾಲದ ರಕ್ತವೂ ಇರಬೇಕು.

ಇನ್ನೊಂದು ಕಾಲ ಎಂದರೆ ಯಾವುದು? ಕೆಂಪು ರಕ್ತಕಣಕ್ಕೆ ಬೀಜಕೇಂದ್ರವಿಲ್ಲ. ಅದು ಮಜ್ಜೆಯಿಂದ ಹೊರಬರುವಾಗ ತಂದುಕೊಂಡ ಕಿಣ್ವವಷ್ಟೇ ಅದರ ಗಂಟು, ಹೊಸದನ್ನು ತಯಾರಿಸಲಾರದು. ಸುಮಾರು 120 ದಿನ ಬದುಕುತ್ತದೆ. ಅಷ್ಟರಲ್ಲಿ ಕೆಟ್ಟ ಕಿಣ್ವ ಕೆಟ್ಟಂತೆಯೇ ಉಳಿಯುತ್ತದೆ. ಅಂದರೆ ಇಂದು ತೆಗೆದ ರಕ್ತ ಇಂದಿನ ಹೊಗೆಯನ್ನಷ್ಟೇ ಹೇಳುವುದಿಲ್ಲ, ಹಿಂದಿನ ನಾಲ್ಕು ತಿಂಗಳ ಪೆಟ್ಟನ್ನೂ ಹೊತ್ತಿರುತ್ತದೆ. ಕಬ್ಬಿನ ಹಂಗಾಮು ದೀಪಾವಳಿಯ ಸುಮಾರಿಗೆ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ, ಹೆಚ್ಚುಕಡಿಮೆ ಒಂದು ಕೆಂಪುಕಣದ ಆಯಸ್ಸು! ಹುಡುಗಿ ಈ ಹೊಂದಾಣಿಕೆಯನ್ನೇ ನೆಚ್ಚಿಕೊಂಡಿದ್ದಾಳೆ. ಹಂಗಾಮಿನ ಕೊನೆಗೆ ಒಮ್ಮೆ, ಗಾಣ ಆರಿ ನಾಲ್ಕು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ರಕ್ತ.

"ಮಳಿಗಾಲದಾಗ ಗಾಣ ಆರಿರತೈತಿ ಖರೆ," ಅತ್ತೆ ತಡೆದರು. "ಮನ್ಯಾಗಿನ ಒಲಿ? ಹಸಿ ಕಟಗಿ ಹೊಗಿ ಮಳಿಗಾಲದಾಗ ಭಾಳ. ಬಾಗಲಾ ಹಾಕ್ಕೊಂಡ ಊದುಗೊಳವಿ ಊದತೀವಿ. ಗಂಡಸರ ರಕ್ತ ಸುಧಾರಿಸೀತು, ಹೆಣಮಕ್ಕಳದು?"

"ಎಲ್ಲಾರ ಮನಿಗೂ ಗ್ಯಾಸ್ ಬಂದೇತಲ್ರಿ."

"ಬಂದೇತಿ. ಚಾ, ಪಲ್ಯ ಅದರ ಮ್ಯಾಲ. ರೊಟ್ಟಿ ಕಟಗಿ ಒಲಿ ಮ್ಯಾಲ. ಬಚ್ಚಲ ಹಂಡೆ ಕಟಗಿ ಮ್ಯಾಲ. ಸಿಲಿಂಡರ್ ತೀರಿದ್ರ ಎಲ್ಲಾ ಕಟಗಿ ಮ್ಯಾಲ. ಗ್ಯಾಸ್ ಐತೇನು ಅಂತ ಕೇಳಿ ಬರಕೊಂಡ ಹೋದ್ರ ನಿನ್ನ ಲೆಕ್ಕ ತಪ್ಪತೈತಿ."

ಹುಡುಗಿ ಬರೆದುಕೊಂಡಳು. ಅಡುಗೆ ಅನಿಲ ಕೊಡುವ ಕೇಂದ್ರದ ಉಜ್ವಲಾ ಯೋಜನೆ 2016ರಲ್ಲಿ ಬಂತು, ರಾಜ್ಯದ ಅನಿಲ ಭಾಗ್ಯ ಅದರ ಬೆನ್ನಿಗೇ ಬಂತು. ಸಂಪರ್ಕದ ಸಂಖ್ಯೆ ಏರಿದ್ದು ನಿಜ, ಆದರೆ ಒಂದು ಮನೆಯಲ್ಲಿ ಎರಡು ಇಂಧನ ಜೊತೆಜೊತೆಯಾಗಿ ನಡೆಯುವುದನ್ನು ಸಂಪರ್ಕದ ಸಂಖ್ಯೆ ಹೇಳುವುದಿಲ್ಲ. ಮೈಸೂರಿನ ಗ್ರಾಮೀಣ ಮಹಿಳೆಯರಲ್ಲಿ ದೀರ್ಘಕಾಲದ ಶ್ವಾಸನಾಳದ ಉರಿಯೂತವನ್ನು ಅಧ್ಯಯನ ಮಾಡಿದ ಡಾ. ಪಿ. ಎ. ಮಹೇಶ್ ಅವರ ತಂಡ ಅದಕ್ಕೂ ಮೊದಲೇ ಗಂಟೆಯ ಲೆಕ್ಕ ಹಿಡಿದಿತ್ತು. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದರೆ ಬರುವ ಸೂಚ್ಯಂಕ 60 ದಾಟಿದವರಲ್ಲಿ ಕಾಯಿಲೆಯ ಅಪಾಯ ಗಣನೀಯವಾಗಿ ಏರುತ್ತದೆ ಎಂದು 2013ರಲ್ಲಿ ಪ್ರಕಟಿಸಿತು. ಮೂರು ಗಂಟೆ, ಇಪ್ಪತ್ತು ವರ್ಷ, ಅಲ್ಲಿಗೆ 60.

"ನಾ ಅದನ್ನ ದಾಟಿ ಎಷ್ಟೋ ವರ್ಷ ಆತು," ಎಂದರು ಅತ್ತೆ. ದನಿಯಲ್ಲಿ ದೂರಿರಲಿಲ್ಲ. ಹುಡುಗಿ ಮಾತ್ರ ಸ್ವಲ್ಪ ಹೊತ್ತು ಪೆನ್ನು ಎತ್ತಲಿಲ್ಲ.

ಬೇರೆ ಕಡೆ ಯಾರಾದರೂ ಅಳೆದಿದ್ದಾರೆಯೇ ಎಂಬ ಪ್ರಶ್ನೆಗೆ ಅವಳು ಎರಡು ಊರು ಹೇಳಿದಳು. ಕೋಲ್ಕತ್ತದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು, ಎಂದೂ ಧೂಮಪಾನ ಮಾಡದ ಗ್ರಾಮೀಣ ಮಹಿಳೆಯರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಡುಗೆ ಅನಿಲ ಬಳಸುವವರಿಗಿಂತ ಸೌದೆ, ಬೆರಣಿ ಬಳಸುವವರಲ್ಲಿ ಉತ್ಕರ್ಷಕ ಒತ್ತಡ ಹೆಚ್ಚು, ಎಸ್‌ಒಡಿ ಕಡಿಮೆ ಎಂದು ಕಂಡುಬಂತು. ಇನ್ನೊಂದು ಮಗ್ಗುಲಿನ ವಿಜಯಪುರ. ಅಲ್ಲಿನ ಅಲ್-ಅಮೀನ್ ವೈದ್ಯಕೀಯ ಕಾಲೇಜಿನಲ್ಲಿ ಕುಸಾಲ್ ದಾಸ್ ಮತ್ತು ಸಂಗಡಿಗರು ಇಲಿಗಳಿಗೆ ನಿಕ್ಕಲ್ ಸಲ್ಫೇಟ್ ಕೊಟ್ಟು ಕೆಂಪುಕಣದ ಇದೇ ಕಿಣ್ವಗಳನ್ನು ಅಳೆದರು. ನಿಕ್ಕಲ್ ಪಡೆದ ಇಲಿಗಳಲ್ಲಿ ಕಿಣ್ವಗಳು ತಗ್ಗಿದವು, ಜೊತೆಗೆ ಸಿ ಜೀವಸತ್ವ ಕೊಟ್ಟಾಗ ಹಾನಿ ಕಡಿಮೆಯಾಯಿತು. 2007ರ ಪ್ರಕಟಣೆ ಅದು. ಭಾರೀ ಇಂಧನ ತೈಲ ಸುಟ್ಟ ಬೂದಿಯಲ್ಲಿ ನಿಕ್ಕಲ್ ಇರುತ್ತದೆ. ಗಾಣದ ಹೊಗೆ ಬೇರೆಯೇ ಮಿಶ್ರಣ, ಆದರೆ ಅಳೆಯುವ ಕೈಗಳು ನಮ್ಮ ಸೀಮೆಯಲ್ಲೇ ಇವೆ ಎಂಬುದಕ್ಕೆ ವಿಜಯಪುರ ಸಾಕ್ಷಿ.

"ಸಿ ಜೀವಸತ್ವ ಅಂದ್ರ ನೆಲ್ಲಿಕಾಯಿ, ಪ್ಯಾರಲಹಣ್ಣು. ತಿಂದ್ರ ಮುಗೀತಲ್ಲ?"

"ತಿನ್ನೂದು ಚಲೋನ ರೀ. ಆದ್ರ ಇಲಿಗೆ ಕೊಟ್ಟದ್ದು ಅಳದು ಕೊಟ್ಟ ಡೋಸು. ನೆಲ್ಲಿಕಾಯಿ ತಿಂದು ಹೊಗಿಯಾಗ ಕುಂದರ್ರಿ ಅಂತ ನಾ ಯಾರಿಗೂ ಹೇಳೂದಿಲ್ಲ."

ರಕ್ತದ ಲೆಕ್ಕದಲ್ಲಿ ಸುಳ್ಳು ಹೇಳಿಸಬಲ್ಲ ಸಂಗತಿಗಳು ಬೇಕಾದಷ್ಟಿವೆ. ತಂಬಾಕು ಅಗಿಯುವವರು, ಬೀಡಿ ಸೇದುವವರು ಬೇರೆಯೇ ಸಾಲಿಗೆ. ರಕ್ತಹೀನತೆ ದೊಡ್ಡ ತೊಡಕು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಇದೆ. ಅದಕ್ಕೆ ಕಿಣ್ವವನ್ನು ಪ್ರತಿ ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟೆಂದು ಬರೆಯುತ್ತಾರೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆ ನುಂಗಲು ಶುರುಮಾಡಿದವರಲ್ಲಿ ಹೊಸ ಕೆಂಪುಕಣ ಹುಟ್ಟಿ, ಹೊಸ ಕಣದಲ್ಲಿ ಕಿಣ್ವ ಹೆಚ್ಚಿರುವುದರಿಂದ, ಹೊಗೆ ಕಡಿಮೆಯಾಗದೆಯೂ ಸಂಖ್ಯೆ ಏರಬಹುದು. ಸಾಗಿಸುವ ಕಷ್ಟ ಬೇರೆ. ಸವದತ್ತಿಯಿಂದ ಧಾರವಾಡ ಸುಮಾರು 40 ಕಿಲೋಮೀಟರು. ಏಪ್ರಿಲ್ ಬಿಸಿಲಿನಲ್ಲಿ ಐಸ್ ಪೆಟ್ಟಿಗೆ ಕುಲುಕಿ ಕೆಂಪುಕಣ ಒಡೆದರೆ ಕಿಣ್ವ ಸೀರಂಗೆ ಸೋರಿ ಕಣದ ಲೆಕ್ಕ, ಸೀರಂ ಲೆಕ್ಕ ಎರಡೂ ಕೆಡುತ್ತವೆ.

"ಇಷ್ಟೆಲ್ಲಾ ಮಾಡಿ, ಕಡೀಕ ನಮಗೇನು ಹೇಳತಿ?"

ಹುಡುಗಿ ಮರೆಮಾಚಲಿಲ್ಲ. ಎಸ್‌ಒಡಿ ಸಕ್ಕರೆ ಕಾಯಿಲೆಯ ಪರೀಕ್ಷೆಯಂತಲ್ಲ, ಇಷ್ಟಿದ್ದರೆ ಆರೋಗ್ಯ, ಇಷ್ಟಿದ್ದರೆ ರೋಗ ಎಂಬ ಒಪ್ಪಿತ ಗೆರೆ ಅದಕ್ಕಿಲ್ಲ. ಹಾಗಾಗಿ ರಕ್ತ ಕೊಟ್ಟವರಿಗೆ ಊದಿ ನೋಡುವ ಶ್ವಾಸಕೋಶದ ಪರೀಕ್ಷೆ, ಹಿಮೋಗ್ಲೋಬಿನ್ ಮತ್ತು ಅವರ ಅಡುಗೆಮನೆಯ ಗಾಳಿಯ ಅಳತೆಯನ್ನೂ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಕ್ಷ್ಮ ಕಣಕ್ಕೆ, ಅಂದರೆ ಪಿಎಂ 2.5ಕ್ಕೆ, ಘನ ಮೀಟರಿಗೆ ವಾರ್ಷಿಕ 5 ಮೈಕ್ರೋಗ್ರಾಂ ಮಿತಿ ಹಾಕಿದೆ. ಭಾರತದ ಮಿತಿ 40. ತಮ್ಮ ಮನೆಯ ಸಂಖ್ಯೆ ಇವೆರಡರ ಎದುರು ಎಲ್ಲಿ ನಿಲ್ಲುತ್ತದೆ ಎಂಬುದು ಯಾರಿಗಾದರೂ ಅರ್ಥವಾಗುವ ಮಾತು.

ಹೊಗೆ ತಗ್ಗಿಸಿದರೆ ಮೈ ಕೂಡಲೇ ಸುಧಾರಿಸುತ್ತದೆ ಎಂಬ ಭರವಸೆಯನ್ನೂ ಅವಳು ಕೊಡಲಿಲ್ಲ. ತಮಿಳುನಾಡಿನಲ್ಲೂ ನಡೆದ, ನಾಲ್ಕು ದೇಶಗಳ ಹ್ಯಾಪಿನ್ ಪ್ರಯೋಗ ಗರ್ಭಿಣಿಯರಿಗೆ ಅನಿಲ ಒಲೆ ಮತ್ತು ಸಿಲಿಂಡರನ್ನು ಪುಕ್ಕಟೆ ಕೊಟ್ಟಿತು. ಅವರು ಉಸಿರಾಡಿದ ಸೂಕ್ಷ್ಮ ಕಣ ಸುಮಾರು 24 ಮೈಕ್ರೋಗ್ರಾಂ, ಹಳೆಯ ಒಲೆಯಲ್ಲೇ ಉಳಿದವರಲ್ಲಿ ಸುಮಾರು 71. 2022ರಲ್ಲಿ ಬಂದ ಫಲಿತಾಂಶದಲ್ಲಿ ಮಕ್ಕಳ ಜನನ ತೂಕದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇತ್ತ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಪಾಲ್ಗೊಂಡ, ಹಲವು ದೇಶಗಳ 2015ರ ಅಧ್ಯಯನ ಹೊಗೆ ಇಂಧನದ ಮನೆಗಳಲ್ಲಿ ಹೆರಿಗೆಯ ಆಸುಪಾಸಿನ ಶಿಶುಮರಣ ಹೆಚ್ಚೆಂದು ಹೇಳಿತ್ತು. ಗಾಳಿಯ ಅಳತೆಗೂ ಹುಟ್ಟಿದ ಕೂಸಿನ ಅಳತೆಗೂ ನಡುವೆ ಮೈಯೊಳಗೆ ಏನು ನಡೆಯುತ್ತದೆಂದು ನೋಡಲು ಕಿಣ್ವದಂಥ ನಡುವಿನ ಅಳತೆ ಬೇಕೆನ್ನುವುದು ಇದೇ ಕಾರಣಕ್ಕೆ.

"ಅಸ್ತ್ರ ಒಲಿ ಅಂತ ಹಾಕಿಕೊಟ್ಟಿದ್ರು ಹಿಂದ. ನೆನಪೈತಿ," ಎಂದರು ಅತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ಕೊಡುಗೆ ಅದು. ಒಂದೇ ಉರಿಗೆ ಮೂರು ಪಾತ್ರೆ ಕೂರುವ, ಚಿಮಣಿ ಇದ್ದ ಒಲೆ. "ಹೊಗಿ ಹೊರಗ ಹೋಗತಿತ್ತು. ಕೊಳವಿ ಮಸಿ ಕಟ್ಟಿದ ಮ್ಯಾಲ ಯಾರೂ ಬಂದು ತಗೀಲಿಲ್ಲ. ನೀ ಚಿಮಣಿ ಹೇಳತಿದ್ರ, ಅದನ್ನ ತಗಿಯಾಕ ಯಾರು ಬರತಾರ ಅಂತನೂ ಬರಕೊ. ಸಿಪ್ಪಿ ನಾಕ ದಿನ ಒಣಗಿಸಿ ಒಟ್ಟಿದ್ರ ಹೊಗಿ ಅರ್ಧ ಆಗತೈತಿ, ಅದನ್ನೂ ಬರಕೊ. ಅವಸರಕ್ಕ ಹಸಿದ ಒಟ್ಟತಾರ."

ಹಸಿ ಸಿಪ್ಪೆ ಮತ್ತು ಒಣ ಸಿಪ್ಪೆಯ ಹೊಗೆಯನ್ನು ಬೇರೆ ಬೇರೆ ಕಾಗದದ ಮೇಲೆ ಹಿಡಿಯುವುದು ಹುಡುಗಿಯ ಯೋಜನೆಯಲ್ಲಿ ಇರಲಿಲ್ಲ. ಈಗ ಸೇರಿತು.

"ಯಾರ್ಯಾರ ರಕ್ತ ತಗೊಳ್ಳಾಕತ್ತಿ, ಪಟ್ಟಿ ಓದ," ಎಂದರು ಅತ್ತೆ. ಅವಳು ಓದಿದಳು: ಗಾಣದ ಮಾಲೀಕರು, ಅವರ ಮನೆಯ ಹೆಣ್ಣುಮಕ್ಕಳು, ಸುತ್ತಲಿನ ಮನೆಯವರು.

"ಉರಿ ಹಾಕಾಂವ ಎಲ್ಲಿ? ಅವನ ಹೆಂಡತಿ ಎಲ್ಲಿ? ಅವರು ಹೊರಗಿನಿಂದ ಬಂದು ಗಾಣ ಆರಿದ ಮರುದಿನ ಗುಡಿಸಲ ಕಿತ್ತಕೊಂಡ ಹೋಗತಾರ. ನಿನ್ನ ಎರಡನೇ ರಕ್ತಕ್ಕ ಅವರು ಇಲ್ಲಿ ಇರೂದಿಲ್ಲ."

"ಅವರ ಊರಿಗೆ ಹೋಗಬೇಕಾಗತೈತ್ರಿ."

"ಹೋಗ. ಗುತ್ತಿಗಿದಾರನ ಕಡೆ ಊರು, ಫೋನು ಎಲ್ಲಾ ಇರತೈತಿ, ನಾ ಕೊಡಸ್ತೀನಿ. ಪಟ್ಟ್ಯಾಗ ಅವರ ಹೆಸರು ಮೊದಲ ಬರಿ, ನನ್ನದು ಆಮ್ಯಾಲ. ಮತ್ತ ಅವರಿಗೆ ಕೊಡೂ ಚೀಟಿ ಕನ್ನಡದಾಗ ಇರಲಿ, ಓದಾಕ ಬರದವರಿಗೆ ನೀನ ಕುಂತು ಹೇಳ."

ಹುಡುಗಿ ಹಾಳೆ ತಿರುವಿ ಹೊಸ ಪಟ್ಟಿಗೆ ಗೆರೆ ಎಳೆದಳು. ಮೊದಲ ಸಾಲು ಉರಿ ಹಾಕುವವರಿಗೆ.